ಗುಂಡನ ಹೆಸರು ಕಲ್ಲಿನ ಮೇಲಿದೆ, ನಮ್ಮ ರೈಟರ್ ಹೆಸರು ಮೇಲ್‌ನಲ್ಲೂ ಇಲ್ಲ

ಕಳೆದ ಡಿಸೆಂಬರಿನಲ್ಲಿ ನಮ್ಮ ಟೀಮಿನವರನ್ನು ಊರಿಗೆ ಕರ್ಕೊಂಡು ಹೋಗಿದ್ದೆ. ಒಂಬತ್ತು ಜನ, ಒಂದು ಟೆಂಪೋ ಟ್ರಾವೆಲರ್. ನಮ್ಮೂರು ಪಟ್ಟದಕಲ್ಲಿನ ಹತ್ತಿರ, ಮಲಪ್ರಭಾ ದಂಡೆಯ ಒಂದು ಸಣ್ಣ ಹಳ್ಳಿ. ಬೆಂಗಳೂರಿನವರಿಗೆ ಬಾದಾಮಿ ಗುಹೆ ನೋಡೋ ಆಸೆ, ನಮ್ಮ ಅವ್ವನಿಗೆ ಇವರಿಗೆಲ್ಲ ರೊಟ್ಟಿ, ಎಣ್ಣೆಗಾಯಿ ಉಣಿಸೋ ಆಸೆ, ನನಗೆ ಒಂದು ದಿನವಾದರೂ ಗೈಡ್ ಆಗೋ ಆಸೆ. ಚಿಕ್ಕವನಿದ್ದಾಗ ವಿರೂಪಾಕ್ಷ ಗುಡಿಯ ಅಂಗಳದಲ್ಲಿ ಗೈಡುಗಳ ಬೆನ್ನು ಹತ್ತಿ ಓಡಾಡಿ ಅವರ ಮಾತನ್ನೆಲ್ಲ ಬಾಯಿಪಾಠ ಮಾಡಿದವನು ನಾನು.

ಗುಡಿಯ ಪೂರ್ವದ ಬಾಗಿಲ ಹತ್ತಿರ ನಿಂತು ನನಗೆ ಗೊತ್ತಿದ್ದನ್ನೆಲ್ಲ ಹೇಳಿದೆ. ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಈ ಗುಡಿ ಕಟ್ಟಿಸಿದಳು, ಎಂಟನೇ ಶತಮಾನದ ಮಾತು. ಕಟ್ಟಿದ ಸೂತ್ರಧಾರಿಯ ಹೆಸರು ಗುಂಡ, ಅನಿವಾರಿತಾಚಾರಿ ಅಂತಲೂ ಕರೀತಿದ್ದರು. ಅವನಿಗೆ ತ್ರಿಭುವನಾಚಾರಿ ಅನ್ನೋ ಬಿರುದು ಕೊಟ್ಟು, ಕೊಟ್ಟಿದ್ದನ್ನು ಹಳಗನ್ನಡದಲ್ಲಿ ಇಲ್ಲೇ ಕಲ್ಲಿನ ಮೇಲೆ ಕೊರೆದಿದ್ದಾರೆ. ಪಕ್ಕದ ಇನ್ನೊಂದು ಶಾಸನದಲ್ಲಿ ಸರ್ವಸಿದ್ಧಿ ಆಚಾರಿ ಅನ್ನೋನ ಹೊಗಳಿಕೆ ಇದೆ. ಮನೆ, ಅರಮನೆ, ವಾಹನ, ಆಸನ, ಮಂಚ, ಕಿರೀಟ ಎಲ್ಲದರಲ್ಲೂ ಪಳಗಿದವನು, ತೆಂಕಣ ದಿಕ್ಕಿನ ಸೂತ್ರಧಾರಿ ಅಂತ. ನಮ್ಮ ಮ್ಯಾನೇಜರ್ ಮೊಬೈಲಿನಲ್ಲಿ ಫೋಟೋ ತೆಗೀತಾ, 'ಸಾವಿರದಿನ್ನೂರು ವರ್ಷದ ಹಿಂದೇನೇ ಎಂಪ್ಲಾಯಿ ರೆಕಗ್ನಿಷನ್ ಇತ್ತಲ್ಲಪ್ಪ!' ಅಂದರು. ಎಲ್ಲರೂ ನಕ್ಕೆವು.

ಹಿಂದೆ ನಿಂತಿದ್ದ ನಮ್ಮ ಟೆಕ್ನಿಕಲ್ ರೈಟರ್ ಕೇಳಿದರು, 'ಕಟ್ಟಿದವರ ಹೆಸರು ಗೊತ್ತಾಯ್ತು. ಇದನ್ನ ಬರೆದವರ ಹೆಸರು?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಒಬ್ಬ ಡೆವಲಪರ್, 'ಅದು ಡಾಕ್ಯುಮೆಂಟೇಶನ್ ಟೀಮ್ ಮೇಡಂ, ಹೆಸರು ಇರಲ್ಲ' ಅಂದ. ಮತ್ತೆ ಎಲ್ಲರೂ ನಕ್ಕೆವು. ನಾನೂ ನಕ್ಕೆ. ಅವರೂ ನಕ್ಕರು. ಅವರು ನಕ್ಕಿದ್ದು ನೆನಪಾದಾಗೆಲ್ಲ ನನಗೆ ಈಗಲೂ ಮುಜುಗರ ಆಗುತ್ತೆ. ಯಾಕಂದರೆ ಅದಕ್ಕೆ ಮೂರು ವಾರ ಮುಂಚೆ ನಮ್ಮ ದೊಡ್ಡ ರಿಲೀಸ್ ಆಗಿತ್ತು. ಇಡೀ ಕಂಪನಿಗೆ ಹೋದ ಥ್ಯಾಂಕ್ಸ್ ಮೇಲ್‌ನಲ್ಲಿ ಹದಿನಾಲ್ಕು ಹೆಸರು. ಎರಡೇ ವಾರ ನಮ್ಮ ಜೊತೆ ಕೆಲಸ ಮಾಡಿ ಬೇರೆ ಟೀಮಿಗೆ ಹೋದ ಇಂಟರ್ನ್ ಹೆಸರೂ ಇತ್ತು. ಇನ್ನೂರು ಪುಟದ ಗೈಡ್ ಬರೆದ ಇವರದು ಇರಲಿಲ್ಲ. ಆ ಮೇಲ್ ಡ್ರಾಫ್ಟ್ ಮಾಡಿದ್ದು ನಾನು.

ಒಂದು ಮಾತು ಈಗಲೇ ಹೇಳಿಬಿಡ್ತೀನಿ. ಹೆಸರು ಹಾಕಿ ಅಂತ ವಾದ ಮಾಡೋ ಈ ಲೇಖನದಲ್ಲೂ ಅವರ ಹೆಸರಿಲ್ಲ. ಕೇಳಿದೆ, ಬೇಡ ಅಂದರು. 'ಕೆಲಸದ ಕೆಳಗೆ ಹಾಕಿ, ಕಥೆಯ ಒಳಗೆ ಬೇಡ' ಅಂದರು. ಹಂಗಾಗಿ ಇಲ್ಲಿ ಅವರು ಮೇಡಂ ಅಷ್ಟೇ. ನನಗಿಂತ ಐದಾರು ವರ್ಷ ದೊಡ್ಡವರು, ಶಿವಮೊಗ್ಗ ಕಡೆಯವರು, ಎಂಎ ಇಂಗ್ಲಿಷ್.

ಈ ಎಂಎ ಇಂಗ್ಲಿಷ್ ಅನ್ನೋದರಿಂದಲೇ ಶುರುವಾಗುತ್ತೆ ನೋಡಿ ಎಲ್ಲ. ನಾವು ಬಿಇ ಮಾಡಿದವರಿಗೆ ಒಂದು ಗುಪ್ತ ಜಾತಿಪದ್ಧತಿ ಇದೆ. ಮೇಲೆ ಆರ್ಕಿಟೆಕ್ಟು, ಆಮೇಲೆ ಬ್ಯಾಕೆಂಡು, ಆಮೇಲೆ ಫ್ರಂಟೆಂಡು, ಆಮೇಲೆ ಟೆಸ್ಟಿಂಗು, ಕೊನೇಲಿ, ಕ್ಯಾಂಟೀನ್ ಪಕ್ಕದ ಸಾಲಿನಲ್ಲಿ, ಡಾಕ್ಯುಮೆಂಟೇಶನ್. ಮಜಾ ಏನು ಗೊತ್ತಾ? ನಾನು ಬಾಗಲಕೋಟೆಯಲ್ಲಿ ಬಿಇ ಮುಗಿಸಿ ಬೆಂಗಳೂರಿಗೆ ಬಂದಾಗ ನನ್ನ ಇಂಗ್ಲಿಷ್ ಕೇಳಿ ನಕ್ಕವರಿದ್ದರು. 'ಶೆಡ್ಯೂಲ್' ಅನ್ನೋಕೆ ಬರ್ತಿರಲಿಲ್ಲ ನನಗೆ. ಆ ಅವಮಾನ ಉಂಡವನು ನಾನು. ಹತ್ತು ವರ್ಷದಲ್ಲಿ ಅದೇ ಏಣಿಯ ಮೇಲಿನ ಮೆಟ್ಟಿಲು ಹತ್ತಿ ಕೂತು, ಇಂಗ್ಲಿಷ್ ಚೆನ್ನಾಗಿ ಬರೋದೇ ಒಬ್ಬರ ಕೊರತೆ ಅನ್ನೋ ಹಾಗೆ ನಡ್ಕೊಳ್ಳೋದನ್ನ ಕಲಿತೆ.

ಕೆಲಸದ ವಿಷಯಕ್ಕೆ ಬರ್ತೀನಿ. ಟೆಕ್ನಿಕಲ್ ರೈಟರ್ ಅಂದರೆ ನಾವು ಬರೆದ ಕೆಟ್ಟ ಇಂಗ್ಲಿಷನ್ನು ಒಳ್ಳೆ ಇಂಗ್ಲಿಷ್ ಮಾಡೋರು ಅಂತ ನಿಮ್ಮಲ್ಲಿ ಮುಕ್ಕಾಲು ಜನ ಅಂದುಕೊಂಡಿದ್ದೀರಿ. ನಾನೂ ಅಂದುಕೊಂಡಿದ್ದೆ. ಒಂದು ಸಲ ನಮ್ಮ ಒಂದು ಸರ್ವಿಸ್‌ಗೆ ರನ್‌ಬುಕ್ ಬರೀತಿದ್ದರು. ಹಣದ ವ್ಯವಹಾರದ ಸರ್ವಿಸ್ ಅದು. ಚಾಟ್‌ನಲ್ಲಿ ಕೇಳಿದರು: ಇದನ್ನ ರಿಸ್ಟಾರ್ಟ್ ಮಾಡಿದರೆ ಕ್ಯೂನಲ್ಲಿ ಇರೋದು ಏನಾಗುತ್ತೆ? ಏನೂ ಆಗಲ್ಲ ಅಂದೆ. ಎರಡು ತಾಸು ಬಿಟ್ಟು ಮತ್ತೆ ಕೇಳಿದರು: ಏನೂ ಆಗಲ್ಲ ಅಂದರೆ ಅಲ್ಲೇ ಇರುತ್ತಾ, ಹೋಗುತ್ತಾ? ಅಲ್ಲೇ ಇರುತ್ತೆ ಅಂದೆ, ಸ್ವಲ್ಪ ಸಿಡುಕಿನಿಂದಲೇ. ಮರುದಿನ ಮೂರನೇ ಸಲ: ಅರ್ಧ ಪ್ರೋಸೆಸ್ ಆಗಿರೋದು? ನಾನು ಉತ್ತರ ಕೊಡಲಿಲ್ಲ. ಪಕ್ಕದವನಿಗೆ, 'ಇವರು ಕೋಡ್ ಓದಬಾರದಾ' ಅಂದೆ.

ಮೇಡಂ ಕೋಡ್ ಓದಲಿಲ್ಲ. ಸ್ಟೇಜಿಂಗ್‌ನಲ್ಲಿ ತಾವೇ ರಿಸ್ಟಾರ್ಟ್ ಮಾಡಿ ನೋಡಿದರು. ಒಂದೇ ಟ್ರಾನ್ಸಾಕ್ಷನ್ ಎರಡು ಸಲ ಹೋಯಿತು. ಸ್ಕ್ರೀನ್‌ಶಾಟ್ ಕಳಿಸಿ, 'ಇದು ಏನೂ ಆಗಲ್ಲ ಅನ್ನೋದರ ಲೆಕ್ಕಕ್ಕೆ ಬರುತ್ತಾ?' ಅಂತ ಒಂದು ಸಾಲು. ನಾಲ್ಕು ಜನ ಡೆವಲಪರ್‌ಗಳು, ಇಬ್ಬರು ಟೆಸ್ಟರ್‌ಗಳು ನೋಡಿ ದಾಟಿಸಿದ್ದ ಬಗ್ ಅದು. ಸರಿಮಾಡೋಕೆ ಸಮಯ ಇರಲಿಲ್ಲ, ಮುಂದಿನ ರಿಲೀಸ್‌ಗೆ ತಳ್ಳಿದೆವು. ಅವರು ರನ್‌ಬುಕ್‌ನ ನಾಲ್ಕನೇ ಹಂತದಲ್ಲಿ ದಪ್ಪಕ್ಷರದ ಎಚ್ಚರಿಕೆ ಹಾಕಿದರು: ಕ್ಯೂ ಖಾಲಿ ಆಗೋವರೆಗೆ ರಿಸ್ಟಾರ್ಟ್ ಮಾಡಬೇಡಿ, ಖಾಲಿ ಆಗಿದೆಯಾ ಅಂತ ನೋಡೋ ಕಮಾಂಡ್ ಇದು. ಆರು ವಾರದ ಮೇಲೆ ಬೆಳಗಿನ ಜಾವ ಎರಡು ಗಂಟೆಗೆ ಆ ಸರ್ವಿಸ್ ಬಿತ್ತು. ಆನ್‌ಕಾಲ್ ಇದ್ದ ಹುಡುಗ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ರನ್‌ಬುಕ್ ತೆಗೆದ, ನಾಲ್ಕನೇ ಹಂತ ಓದಿದ, ಹದಿನೈದು ನಿಮಿಷ ಕಾದ, ರಿಸ್ಟಾರ್ಟ್ ಮಾಡಿದ. ಒಂದೂ ಟ್ರಾನ್ಸಾಕ್ಷನ್ ಎರಡು ಸಲ ಹೋಗಲಿಲ್ಲ. ಹುಡುಗನಿಗೆ ಸ್ಪಾಟ್ ಅವಾರ್ಡ್ ಬಂತು. ಬಗ್ ಸರಿಮಾಡಿದ ಡೆವಲಪರ್ ಹೆಸರು ರಿಲೀಸ್ ಮೇಲ್‌ನಲ್ಲಿ ಬಂತು. ಹಿಡಿದವರದು ಎಲ್ಲೂ ಬರಲಿಲ್ಲ.

ಇನ್ನೊಂದು ತಪ್ಪು ಒಪ್ಪಿಕೊಳ್ಳೋದಿದೆ. ಆ ವರ್ಷ ಅಪ್ರೈಸಲ್‌ಗೆ ಅವರ ಬಗ್ಗೆ ನನ್ನನ್ನು ಫೀಡ್‌ಬ್ಯಾಕ್ ಕೇಳಿದ್ದರು. ಎರಡು ಸಾಲು ಬರೆದೆ: ಒಳ್ಳೆ ಟೀಮ್ ಪ್ಲೇಯರ್, ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸುತ್ತಾರೆ. ಅಷ್ಟೇ. ಊರಲ್ಲಿ ಯಾರಿಗೆ ಬೇಕಾದರೂ ಅಂಟಿಸಬಹುದಾದ ಎರಡು ಸಾಲು. ಕ್ಯೂ ಕಥೆ ಬರೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅವರ ರೇಟಿಂಗ್ ಸಾಧಾರಣ ಬಂತು. ಕಾರಣ ಕೇಳಿದ್ದಕ್ಕೆ ಮೇಲಿನವರು, 'ನಿಮ್ಮ ವಿಸಿಬಿಲಿಟಿ ಕಡಿಮೆ, ರೆಸ್ಪೆಕ್ಟ್ ನೀವೇ ಗಳಿಸಿಕೋಬೇಕು' ಅಂದರಂತೆ.

ಈ ಗಳಿಸಿಕೋಬೇಕು ಅನ್ನೋ ಮಾತಿನ ಮೇಲೇ ನನ್ನ ಜಗಳ. ರೈಟರ್‌ಗಳಿಗೆ ಸಿಗೋ ಬುದ್ಧಿಮಾತೆಲ್ಲ ಇದೇ ಧಾಟಿಯದು. ಕೋಡಿಂಗ್ ಕಲೀರಿ. ಮೀಟಿಂಗ್‌ನಲ್ಲಿ ಬಾಯಿ ಬಿಡಿ. ನಿಮ್ಮ ಕೆಲಸದಿಂದ ಎಷ್ಟು ಸಪೋರ್ಟ್ ಟಿಕೆಟ್ ಕಡಿಮೆ ಆಯ್ತು ಅಂತ ಸ್ಲೈಡ್ ಮಾಡಿ ತೋರಿಸಿ. ಡೆವಲಪರ್‌ಗಳ ಜೊತೆ ಟೀ ಕುಡೀರಿ. ಒಂದೊಂದೂ ಕೆಟ್ಟ ಸಲಹೆ ಅಲ್ಲ, ಟೀ ಅಂತೂ ಒಳ್ಳೇದೇ. ಆದರೆ ನಾನು ಹತ್ತು ವರ್ಷದಲ್ಲಿ ನನ್ನ ಕೋಡ್‌ನಿಂದ ಎಷ್ಟು ಟಿಕೆಟ್ ಕಡಿಮೆ ಆಯ್ತು ಅಂತ ಒಂದು ದಿನವೂ ಸ್ಲೈಡ್ ಮಾಡಿಲ್ಲ. ಹೆಚ್ಚಾಗಿದ್ದರ ಲೆಕ್ಕ ಕೇಳಿದ್ದರೆ ನಾನು ಈ ಹೊತ್ತಿಗೆ ಊರಲ್ಲಿ ಕಡಲೆ ಬೆಳೀತಿದ್ದೆ. ಡೆವಲಪರ್‌ಗೆ ಗೌರವ ಬಾಗಿಲಲ್ಲೇ ಸಿಗುತ್ತೆ, ಐಡಿ ಕಾರ್ಡ್ ಜೊತೆ. ರೈಟರ್ ಮಾತ್ರ ಕೆಲಸವನ್ನೂ ಮಾಡಬೇಕು, ಅದು ಕೆಲಸ ಅಂತ ಸಾಬೀತೂ ಮಾಡಬೇಕು. ಸರಿಯಾಗಬೇಕಾದವರು ಅವರಲ್ಲ. ಕೆಲಸ ನಡೆದಿದೆ, ಅದರ ಫಲ ನಾವು ಉಂಡಿದ್ದೀವಿ, ಹೆಸರು ಹಾಕದೆ ಉಳಿಸಿಕೊಂಡಿದ್ದೀವಿ. ನಮ್ಮ ಕಡೆ ಇದಕ್ಕೆ ಬಾಕಿ ಅಂತಾರೆ.

ಪಟ್ಟದಕಲ್ಲಿನಲ್ಲಿ ಅವರು ಕೇಳಿದ ಪ್ರಶ್ನೆಗೆ ಬರ್ತೀನಿ. ಬರೆದವರ ಹೆಸರು ಇರಲ್ಲ ಅನ್ನೋ ಜೋಕು ಇದೆಯಲ್ಲ, ನಮ್ಮ ನೆಲದಲ್ಲೇ ಅದು ಸುಳ್ಳು. ಪಟ್ಟದಕಲ್ಲಿನಿಂದ ಐಹೊಳೆ ಹತ್ತಿರ. ಅಲ್ಲಿ ಮೇಗುತಿ ಗುಡ್ಡದ ಮೇಲಿನ ಜಿನಾಲಯದ ಗೋಡೆಯಲ್ಲಿ 634ರ ಶಾಸನ ಇದೆ, ಬರೆದವನು ರವಿಕೀರ್ತಿ. ಇಮ್ಮಡಿ ಪುಲಿಕೇಶಿ ಏನೇನು ಮಾಡಿದ, ಉತ್ತರದ ಹರ್ಷನನ್ನು ಹೇಗೆ ಸೋಲಿಸಿದ ಅಂತ ಸಾಲುಸಾಲಾಗಿ ಹೇಳುತ್ತೆ. ನನ್ನ ಕಣ್ಣಿಗೆ ಅದೊಂದು ರಿಲೀಸ್ ನೋಟ್. ದಿನಾಂಕವನ್ನು ಒಂದಲ್ಲ, ಎರಡು ಲೆಕ್ಕದಲ್ಲಿ ಕೊಟ್ಟಿದ್ದಾನೆ: ಶಕ 556, ಮತ್ತು ಭಾರತ ಯುದ್ಧದಿಂದ 3735 ವರ್ಷ. ಓದೋನಿಗೆ ಯಾವ ಲೆಕ್ಕ ಗೊತ್ತಿದ್ದರೂ ತೊಂದರೆ ಆಗಬಾರದು ಅಂತ. ಕೊನೆಗೆ ತನ್ನ ಹೆಸರು ಹಾಕಿ, ತನ್ನ ಕೀರ್ತಿ ಕಾಳಿದಾಸ, ಭಾರವಿಯರಿಗೆ ಸಮ ಅಂತಲೂ ಬರೆದುಕೊಂಡ. ಸ್ವಲ್ಪ ಜಾಸ್ತಿನೇ ಆಯ್ತು ಅನ್ನಿ. ಆದರೆ ಆ ಒಂದು ಸಾಲು ಇದ್ದದ್ದಕ್ಕೆ ಕಾಳಿದಾಸ 634ಕ್ಕಿಂತ ಮುಂಚಿನವನು ಅನ್ನೋದಕ್ಕೆ ವಿದ್ವಾಂಸರಿಗೆ ಗಟ್ಟಿ ಆಧಾರ ಸಿಕ್ಕಿತು. ಅವನಿಗೆ ವಿಸಿಬಿಲಿಟಿ ಕಡಿಮೆ ಅಂತ ಯಾರೂ ಹೇಳಿರಲಿಕ್ಕಿಲ್ಲ.

ರವಿಕೀರ್ತಿ ಕವಿ, ನಿಮ್ಮ ರೈಟರ್ ಯೂಸರ್ ಗೈಡ್ ಬರೆಯೋರು, ಹೋಲಿಕೆ ಸರಿಯಿಲ್ಲ ಅಂತ ಯಾರಾದರೂ ಅಂತೀರಿ. ಸರಿ, ಕಾವ್ಯ ಬಿಡಿ. ಪಟ್ಟದಕಲ್ಲಿನಲ್ಲೇ ಎರಡನೇ ಕೀರ್ತಿವರ್ಮನ ಕಾಲದ, 754ರ ಒಂದು ಕಂಬದ ಶಾಸನ ಇದೆ. ಗಂಗೆಯ ದಂಡೆಯಿಂದ ಬಂದ ಜ್ಞಾನಶಿವಾಚಾರ್ಯ ಅನ್ನೋರು ನಿಲ್ಲಿಸಿದ ಕಂಬ. ಒಂದೇ ವಿಷಯವನ್ನು ಎರಡು ಲಿಪಿಯಲ್ಲಿ ಬರೆದಿದ್ದಾರೆ, ಒಂದು ಉತ್ತರದ ಲಿಪಿ, ಒಂದು ಇಲ್ಲಿನದು. ಆಕಡೆಯಿಂದ ಬಂದವನೂ ಓದಲಿ, ಇಲ್ಲಿಯವನೂ ಓದಲಿ. ಪಾಪನಾಥ ಗುಡಿಯ ಗೋಡೆಗೆ ಹೋಗಿ, ರಾಮಾಯಣದ ಚಿತ್ರಗಳಲ್ಲಿ ಇದು ಯಾರು, ಅದು ಯಾರು ಅಂತ ಪಾತ್ರಗಳ ಹೆಸರು ಕೊರೆದಿದ್ದಾರೆ. ಶಿಲ್ಪ ಎಷ್ಟೇ ಚೆನ್ನಾಗಿರಲಿ, ನೋಡೋನಿಗೆ ಅರ್ಥ ಆಗದೆ ಹೋಗಬಹುದು ಅಂತ ಯಾರೋ ಯೋಚಿಸಿದ್ದಾರೆ. ನಮ್ಮ ಇಂಟರ್‌ಫೇಸ್‌ನಲ್ಲಿ ಒಂದು ಬಟನ್‌ಗೆ ಹೆಸರು ಇಡೋಕೆ ಮೇಡಂ ಒಂದು ದಿನ ತಗೊಂಡರು ಅಂತ ನಾವು ಆಡಿಕೊಂಡಿದ್ದೆವು.

ಆಮೇಲೆ ಕನ್ನಡದಲ್ಲಿ ಕೈಪಿಡಿ ಬರೆಯೋದು ಕೀಳು ಕೆಲಸ ಆಗಿರಲೇ ಇಲ್ಲ. ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯ ಅನ್ನೋನು (ಗೊಮ್ಮಟನ ಚಾವುಂಡರಾಯ ಅಲ್ಲ, ಇವನು ಬೇರೆ) 'ಲೋಕೋಪಕಾರ' ಬರೆದ. ನೆಲದಡಿ ನೀರು ಎಲ್ಲಿದೆ ಅಂತ ಗುರುತಿಸೋದು, ಗಿಡಮರಕ್ಕೆ ಔಷಧ, ದನಕರುಗಳಿಗೆ ಚಿಕಿತ್ಸೆ, ಅಡುಗೆ, ಸುಗಂಧ ಮಾಡೋದು. ಅಪ್ಪಟ ಟೆಕ್ನಿಕಲ್ ರೈಟಿಂಗ್. ಸಾವಿರ ವರ್ಷ ಆದಮೇಲೂ ಹೆಸರು ಉಳಿದಿದೆ.

ಹಾಗಾದರೆ ನಾವು ಯಾವಾಗ ಕೆಟ್ಟೆವು? ನಮ್ಮ ಕಸುಬಿನಲ್ಲಿ ಶುರುವಿನಲ್ಲಿ ಇದು ಇರಲಿಲ್ಲ. 1971ರ ನವೆಂಬರಿನ ಮೊದಲ ಯೂನಿಕ್ಸ್ ಮ್ಯಾನುಯಲ್‌ನಲ್ಲಿ ಒಂದೊಂದು ಕಮಾಂಡ್ ಪುಟದ ಕೊನೆಯಲ್ಲೂ ಅದರ ಹೊಣೆ ಯಾರದು ಅಂತ ಹೆಸರು ಇರ್ತಿತ್ತು. ಅದನ್ನು ಬರೆದವರು ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ. ಆಪರೇಟಿಂಗ್ ಸಿಸ್ಟಮ್ ಮಾಡಿದವರೇ ಕೂತು ಮ್ಯಾನುಯಲ್ ಬರೆದರು, ಅವರ ಮರ್ಯಾದೆ ಏನೂ ಹೋಗಲಿಲ್ಲ. ಆಮೇಲೆ 2001ರಲ್ಲಿ ಅಮೆರಿಕದ ಯೂಟಾದಲ್ಲಿ ಹದಿನೇಳು ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಉದ್ದುದ್ದ ದಾಖಲೆಗಿಂತ ಕೆಲಸ ಮಾಡೋ ಸಾಫ್ಟ್‌ವೇರ್‌ಗೆ ಹೆಚ್ಚು ಬೆಲೆ ಅಂದರು. ಅದರ ಕೆಳಗೇ, ದಾಖಲೆಗೂ ಬೆಲೆ ಇದೆ ಅಂತಲೂ ಅಂದರು. ನಾವು ಮೇಲಿನ ಸಾಲು ಓದಿ ಕೆಳಗಿನದನ್ನು ಬಿಟ್ಟೆವು. ದಾಖಲೆ ಓದೋ ಅಭ್ಯಾಸ ಇಲ್ಲದವರು ನಾವು, ಆ ಪ್ರಣಾಳಿಕೆಯನ್ನಾದರೂ ಯಾಕೆ ಪೂರ್ತಿ ಓದ್ತೀವಿ?

ಬಿಡಿ, ಇದೆಲ್ಲ ಬರೀ ಮರ್ಯಾದೆ ಪ್ರಶ್ನೆ ಅಂತ ಅನ್ನಿಸಿದರೆ ಥೆರಾಕ್-25 ಬಗ್ಗೆ ಓದಿ. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡೋ ಯಂತ್ರ. 1985ರಿಂದ 1987ರ ನಡುವೆ ಆರು ಜನಕ್ಕೆ ವಿಪರೀತ ವಿಕಿರಣ ಬಿತ್ತು, ಅದರಿಂದ ಪ್ರಾಣವೂ ಹೋಯಿತು. ಕಾಲೇಜಿನಲ್ಲಿ ನಮಗೆಲ್ಲ ಇದನ್ನ ಸಾಫ್ಟ್‌ವೇರ್ ಬಗ್ ಕಥೆ ಅಂತ ಹೇಳ್ತಾರೆ. ಅದು ಹೌದು. ಆದರೆ ಟೆಕ್ಸಸ್‌ನ ಆಸ್ಪತ್ರೆಯಲ್ಲಿ ಯಂತ್ರ ನಿಂತಾಗ ಪರದೆಯ ಮೇಲೆ ಬಂದಿದ್ದು 'ಮಾಲ್‌ಫಂಕ್ಷನ್ 54' ಅಂತ ಅಷ್ಟೇ. ಆಪರೇಟರ್ ಕೈಪಿಡಿಯಲ್ಲಿ ಆ ನಂಬರುಗಳ ಅರ್ಥವೇ ಇರಲಿಲ್ಲ. ಇಂಥ ಸಂದೇಶ ದಿನಾ ಬರ್ತಿತ್ತು, ಮುಂದುವರಿಸು ಅನ್ನೋ ಕೀ ಒತ್ತೋದು ರೂಢಿ ಆಗಿತ್ತು, ಒತ್ತಿದರು. 54 ಅಂದರೆ ಏನು ಅಂತ ಮೂರು ಸಲ ಕೇಳಿ ಪೀಡಿಸೋ ಒಬ್ಬ ರೈಟರ್ ಆ ಟೀಮಿನಲ್ಲಿ ಇದ್ದು, ಅವರ ಮಾತಿಗೆ ಬೆಲೆ ಇದ್ದಿದ್ದರೆ? 737 ಮ್ಯಾಕ್ಸ್ ವಿಮಾನದ ಕಥೆ ಎಲ್ಲರಿಗೂ ಗೊತ್ತು. ಎಂಕ್ಯಾಸ್ ಅನ್ನೋ ವ್ಯವಸ್ಥೆ ಪೈಲಟ್‌ಗಳ ಕೈಪಿಡಿಯಲ್ಲಿ ವಿವರಣೆಗೇ ಬಂದಿರಲಿಲ್ಲ. 2018 ಮತ್ತು 2019ರಲ್ಲಿ ಎರಡು ವಿಮಾನ ಬಿದ್ದು 346 ಜನ ಹೋದರು.

ಅಷ್ಟು ದೂರ ಯಾಕೆ, ನಮ್ಮ ಮನೆಯಲ್ಲೇ ನಡೆದಿದ್ದು ಹೇಳ್ತೀನಿ. ಅದೇ ಡಿಸೆಂಬರ್ ಟ್ರಿಪ್ಪಿನಲ್ಲಿ, ಸಂಜೆ ಎಲ್ಲರೂ ಕಟ್ಟೆ ಮೇಲೆ ಚಹಾ ಕುಡೀತಾ ಕೂತಿದ್ದೆವು. ಕಡಲೆ ಹೊಲಕ್ಕೆ ಕೀಡೆ ಬಿದ್ದಿತ್ತು. ಅಪ್ಪ ಅಂಗಡಿಯಿಂದ ಎಣ್ಣಿ ತಂದಿದ್ದ. (ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಾರೆ, ಅಡುಗೆ ಎಣ್ಣೆ ಅಂದುಕೋಬೇಡಿ.) ಇಂಥ ಡಬ್ಬಿಯ ಜೊತೆ ಮಾಹಿತಿ ಚೀಟಿ ಇರಲೇಬೇಕು ಅಂತ ಕಾನೂನಿದೆ, ಎಷ್ಟು ವಿಷ ಅನ್ನೋದಕ್ಕೆ ಕೆಂಪು, ಹಳದಿ, ನೀಲಿ, ಹಸಿರು ಗುರುತೂ ಇರಬೇಕು. ಚೀಟಿ ಇತ್ತು. ಎಂಟು ಮಡಿಕೆ, ಇರುವೆ ಸಾಲಿನಂಥ ಅಕ್ಷರ, ನಾಲ್ಕೈದು ಭಾಷೆ. ಕನ್ನಡವೂ ಇತ್ತು. ಹೆಕ್ಟೇರಿಗೆ ಇಷ್ಟು ಗ್ರಾಂ ಸಕ್ರಿಯ ಅಂಶ, ಇಷ್ಟು ಲೀಟರ್ ನೀರು. ನಮ್ಮ ಅಪ್ಪನಿಗೆ ಹೆಕ್ಟೇರ್ ಗೊತ್ತಿಲ್ಲ, ಎಕರೆ ಗುಂಟೆ ಗೊತ್ತು. ಅವನ ಹತ್ತಿರ ಇರೋದು ಬೆನ್ನಿಗೆ ಹಾಕೋ ಹದಿನಾರು ಲೀಟರಿನ ಪಂಪು. ಅವನಿಗೆ ಬೇಕಾಗಿದ್ದು ಒಂದೇ, ಒಂದು ಪಂಪಿಗೆ ಎಷ್ಟು ಮುಚ್ಚಳ. ಅದು ಆ ಚೀಟಿಯಲ್ಲಿ ಎಲ್ಲೂ ಇಲ್ಲ.

'ಇದನ್ನ ಬರದಾವ ಜಲ್ಮದಾಗ ಒಮ್ಮೆರ ಎಣ್ಣಿ ಹೊಡದಾನೇನಪಾ?' ಅಂದ ಅಪ್ಪ.

ನಾವು ಎಂಟು ಜನ ಇಂಜಿನಿಯರ್‌ಗಳು ನಕ್ಕು ಚಹಾ ಮುಂದುವರಿಸಿದೆವು. ಮೇಡಂ ಎದ್ದು ಹೋಗಿ ಅಪ್ಪನ ಪಕ್ಕ ಕೂತರು. ಹೊಲ ಎಷ್ಟು ಎಕರೆ, ಒಂದು ಎಕರೆಗೆ ಎಷ್ಟು ಪಂಪ್ ಹೊಡೀತೀರಿ, ಮುಚ್ಚಳಕ್ಕೆ ಎಷ್ಟು ಎಂಎಲ್ ಹಿಡಿಯುತ್ತೆ, ಗಾಳಿ ಯಾವಾಗ ಜಾಸ್ತಿ, ಎಣ್ಣಿ ಹೊಡೆಯೋವಾಗ ಮುಖಕ್ಕೆ ಏನು ಕಟ್ಕೋತೀರಿ. ಅವ್ವನ ಔಷಧಿ ಡಬ್ಬಿಯಿಂದ ಕೆಮ್ಮಿನ ಸಿರಪ್ಪಿನ ಅಳತೆ ಮುಚ್ಚಳ ತಂದು, ನೀರು ಹಾಕಿ ಅಳೆದು ನೋಡಿದರು. ಅರ್ಧ ತಾಸು ಕೇಳಿದರು. ಆಮೇಲೆ ಹಳೇ ಕ್ಯಾಲೆಂಡರಿನ ಹಾಳೆ ಹಿಂದೆ ದೊಡ್ಡ ಅಕ್ಷರದಲ್ಲಿ ಆರು ಸಾಲು ಬರೆದರು. ಮೊದಲನೇ ಸಾಲೇ ಒಂದು ಪಂಪಿಗೆ ಎಷ್ಟು ಅಂತ. ಎರಡನೇದು, ಹೊಡೆದ ಮೇಲೆ ಎಷ್ಟು ದಿನ ದನಗಳನ್ನು ಆ ಬದುವಿಗೆ ಬಿಡಬಾರದು ಅಂತ. ಅದು ಆ ಚೀಟಿಯ ಎಲ್ಲೋ ಏಳನೇ ಮಡಿಕೆಯಲ್ಲಿತ್ತು.

ಅಪ್ಪ ಎರಡು ಸಲ ಓದಿದ. 'ಅಕ್ಕಾರ, ಕೆಳಗ ನಿಮ್ಮ ಹೆಸರು, ನಂಬರ್ ಬರೀರಿ' ಅಂದ. ಅವರು ಯಾಕೆ ಅಂದರು. 'ನಾಳಿ ನನಗ ಏನರ ತಿಳೀಲಿಲ್ಲಂದ್ರ ಯಾರನ್ನ ಕೇಳ್ಲಿ? ನಮ್ಮ ಹುಡುಗನ್ನ ಕೇಳಿದ್ರ ಅವಂಗ ಏನ್ ಗೊತ್ತೈತಿ!'

ಹದಿನಾಲ್ಕು ಹೆಸರಿನ ಮೇಲ್ ಬರೆದಿದ್ದ ನನಗೆ ಹೆಸರು ಯಾಕೆ ಹಾಕಬೇಕು ಅಂತ ಹೇಳಿಕೊಟ್ಟಿದ್ದು ಏಳನೇ ಇಯತ್ತೆ ಓದಿದ ನಮ್ಮ ಅಪ್ಪ. ನಾವು ಹೆಸರನ್ನು ಬಹುಮಾನ ಅಂದುಕೊಂಡಿದ್ದೀವಿ, ಅದಕ್ಕೇ ಹಂಚೋಕೆ ಜಿಪುಣತನ. ಅಪ್ಪನಿಗೆ ಅದು ವಿಳಾಸ. ಯಾರನ್ನ ಕೇಳಬೇಕು, ಯಾರ ಮಾತು ನಂಬಬೇಕು ಅನ್ನೋದರ ಗುರುತು.

ಈಗ ಎಐ ಬಂತು, ಇನ್ನು ರೈಟರ್ ಯಾಕೆ ಅನ್ನೋ ಪ್ರಶ್ನೆ. ಈ ಪ್ರಶ್ನೆ ಕೇಳೋ ಧೈರ್ಯ ಎಲ್ಲರಿಗೂ ಡಾಕ್ಯುಮೆಂಟೇಶನ್ ಟೀಮಿನ ವಿಷಯದಲ್ಲೇ ಮೊದಲು ಬರೋದು ನೋಡಿ. ನಮ್ಮಲ್ಲೂ ಟೀಮ್ ಐದರಿಂದ ಎರಡಕ್ಕೆ ಇಳಿಯಿತು. ಹೊರಗೂ ಗಾಳಿ ಹಾಗೇ ಬೀಸ್ತಿದೆ, 1953ರಿಂದ ಇದ್ದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ 2025ರ ಜನವರಿಯಲ್ಲಿ ದುಡ್ಡಿಲ್ಲದೆ ಬಾಗಿಲು ಹಾಕಿತು. ನಾವು ಗ್ರಾಹಕರಿಗೆ ಕೊಟ್ಟಿರೋ ಚಾಟ್‌ಬಾಟ್ ಚೆನ್ನಾಗೇ ಉತ್ತರ ಕೊಡುತ್ತೆ, ಸುಳ್ಳು ಹೇಳಲ್ಲ. ಆದರೆ ಅದು ಹುಡುಕಿ ಓದಿ ಹೇಳೋದು ಯಾವುದನ್ನ? ಮೇಡಂ ಬರೆದ ಇನ್ನೂರು ಪುಟವನ್ನ. ಅವರು ಬರೆಯದೇ ಇರೋ ಹೊಸ ಫೀಚರ್ ಬಗ್ಗೆ ಕೇಳಿ ನೋಡಿದೆ, ಇಲ್ಲದ ಒಂದು ಬಟನ್ ಒತ್ತಿ ಅಂತ ಹೇಳಿತು, ತುಂಬಾ ಸಭ್ಯ ಭಾಷೆಯಲ್ಲಿ. ಕ್ಯೂ ಬಗ್ಗೆ ನಾನು ಏನೂ ಆಗಲ್ಲ ಅಂದಿದ್ದೆನಲ್ಲ, ಆ ಬಾಟ್ ನನ್ನ ಆ ಉತ್ತರವನ್ನು ಚೆಂದ ಮಾಡಿ ಬರೀತಿತ್ತು. ಸ್ಟೇಜಿಂಗ್‌ಗೆ ಹೋಗಿ ಬಟನ್ ಒತ್ತಿ, ನಿಮ್ಮ ಟೆಕ್ ಲೀಡ್ ಹೇಳಿದ್ದು ತಪ್ಪು ಅಂತ ಹೇಳ್ತಿರಲಿಲ್ಲ. ಮುಂದೆ ಅದನ್ನೂ ಕಲಿಯಬಹುದು. ಆಗ ನನ್ನ ಕೆಲಸವೂ ಕಲಿತಿರುತ್ತೆ ಬಿಡಿ.

ಕೆಟ್ಟ ರೈಟರ್‌ಗಳು ಇಲ್ಲವಾ ಅಂದರೆ ಇದ್ದಾರೆ. ಉಪಯೋಗ ಇಲ್ಲದ ಗೈಡ್‌ಗಳನ್ನ ನಾನೂ ಓದಿದ್ದೀನಿ, 'ಸೇವ್ ಬಟನ್ ಒತ್ತಿದರೆ ಸೇವ್ ಆಗುತ್ತದೆ' ಅನ್ನೋ ಥರದ್ದು. ಆದರೆ ಅಂಥವು ಹೆಚ್ಚಾಗಿ ಹುಟ್ಟೋದು ಹೇಗೆ ಅಂತ ಒಳಗಿದ್ದವನಾಗಿ ಹೇಳ್ತೀನಿ. ರಿಲೀಸ್‌ಗೆ ಎರಡು ದಿನ ಇದ್ದಾಗ ರೈಟರ್‌ಗೆ ವಿಷಯ ತಿಳಿಸ್ತೀವಿ. ಡಿಸೈನ್ ಮೀಟಿಂಗ್‌ಗೆ ಕರೆಯಲ್ಲ. ಎನ್ವಿರಾನ್‌ಮೆಂಟ್‌ಗೆ ಲಾಗಿನ್ ಕೊಡಲ್ಲ. ರಿವ್ಯೂಗೆ ಕಳಿಸಿದರೆ ಮೂರು ವಾರ ತೆರೆಯಲ್ಲ, ಆಮೇಲೆ ತೆರೆಯದೇ 'ಲುಕ್ಸ್ ಗುಡ್' ಅಂತ ಹಾಕ್ತೀವಿ. ಉಪ್ಪು, ಖಾರ, ಒಲೆ ಮೂರೂ ಕೊಡದೆ ಅಡುಗೆ ರುಚಿಯಿಲ್ಲ ಅನ್ನೋ ಜಾತಿ ನಾವು.

ಹಾಗಾಗಿ ರೈಟರ್‌ಗಳಿಗೆ ನಾನು ಸಲಹೆ ಕೊಡಲ್ಲ. ನನ್ನಂಥ ಲೀಡ್‌ಗಳಿಗೆ ಹೇಳೋದು. ಡಿಸೈನ್ ಮೀಟಿಂಗ್‌ನ ಮೊದಲ ದಿನದ ಇನ್ವೈಟ್‌ನಲ್ಲಿ ಅವರನ್ನೂ ಸೇರಿಸಿ, ಹತ್ತು ಸೆಕೆಂಡಿನ ಕೆಲಸ. ಅವರು ಹಿಡಿದ ಬಗ್‌ಗೆ ಅವರ ಹೆಸರಲ್ಲೇ ಟಿಕೆಟ್ ಹಾಕಿಸಿ. ಗೈಡ್ ಮುಗಿಯದೆ ರಿಲೀಸ್ ಮುಗಿಯಿತು ಅನ್ನಬೇಡಿ. ಫೀಡ್‌ಬ್ಯಾಕ್ ಕೇಳಿದರೆ ಟೀಮ್ ಪ್ಲೇಯರ್ ಅನ್ನೋ ಪದ ಬಿಟ್ಟು ನಡೆದ ಘಟನೆ ಬರೀರಿ. ಮತ್ತೆ ಗ್ರೇಡು, ಸಂಬಳದ ಮಾತು. ಡೆವಲಪರ್‌ಗೆ ಪ್ರಿನ್ಸಿಪಲ್‌ವರೆಗೆ ಏಣಿ ಇದೆ, ರೈಟರ್‌ಗೆ ಸೀನಿಯರ್ ಅನ್ನೋದರ ಮೇಲೆ ಛಾವಣಿ ಇದೆ. ಇದನ್ನು ನನ್ನಂಥವನು ಒಬ್ಬನೇ ತೆಗೆಯೋಕೆ ಆಗಲ್ಲ, ಆದರೆ ಛಾವಣಿ ಯಾಕಿದೆ ಅಂತ ಮುಂದಿನ ಟೌನ್‌ಹಾಲ್‌ನಲ್ಲಿ ಕೇಳೋಕೆ ಆಗುತ್ತೆ. ರೈಟರೇ ಕೇಳಿದರೆ ಗೊಣಗಾಟ ಅಂತಾರೆ. ನೀವು ಕೇಳಿದರೆ ಬರೆದುಕೊಳ್ತಾರೆ.

ಫೆಬ್ರವರಿ ರಿಲೀಸ್ ಮೇಲ್ ನಾನೇ ಬರೆದೆ. ಬಗ್ ಹಿಡಿದವರು, ಗೈಡ್ ಬರೆದವರು ಅಂತ ಎರಡು ಹೊಸ ಸಾಲು ಸೇರಿಸಿದೆ, ಗೈಡ್‌ನ ಕೊನೆಯ ಪುಟದಲ್ಲೂ ಹೆಸರು ಹಾಕೋಣ ಅಂದೆ. ಮೇಲ್ ಸಾಲು ಉಳೀತು. ಗೈಡ್‌ನಲ್ಲಿ ಹೆಸರು ಹಾಕೋದು ಬ್ರ್ಯಾಂಡಿಂಗ್ ಪಾಲಿಸಿಗೆ ವಿರುದ್ಧ ಅಂತ ಉತ್ತರ ಬಂದಿದೆ. ಆ ಪಾಲಿಸಿಯ ದಾಖಲೆ ಕಳಿಸಿ ಅಂತ ಕೇಳಿದ್ದೀನಿ. ಮೂರು ವಾರ ಆಯ್ತು, ಯಾರ ಹತ್ತಿರವೂ ಇಲ್ಲ. ಯಾರೂ ಬರೆದಿಟ್ಟಿಲ್ಲವಂತೆ.